ಅನುಮತಿ, ಮಂಜೂರಾತಿ, ಅಧಿಕಾರ: ಆಡಳಿತದ ಇಂಗ್ಲಿಷಿನಲ್ಲಿ ಒಪ್ಪಿಗೆಯ ಪದಗಳು

ಉದ್ಯೋಗ, ವ್ಯಾಪಾರ ಅಥವಾ ವಿದ್ಯಾಭ್ಯಾಸದ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಚೇರಿಗಳಿಂದ ಬರುವ ಪತ್ರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೋ, ಹಿಂದಿಯಲ್ಲಿಯೋ, ಆಯಾ ರಾಜ್ಯದ ಭಾಷೆಯಲ್ಲಿಯೋ ಇರುತ್ತವೆ. ಇಂತಹ ಪತ್ರದಲ್ಲಿ ಕಚೇರಿಯು ಒಪ್ಪಿದೆ ಎಂಬ ಭಾವ ಕಂಡುಬಂದೊಡನೆ ನಾವು ‘ಪರ್ಮಿಷನ್ ಸಿಕ್ಕಿತು’ ಎಂದು ಸಂತೋಷಪಡುವುದು ವಾಡಿಕೆ. ಆದರೆ ಆಡಳಿತದ ಇಂಗ್ಲಿಷಿನಲ್ಲಿ ಒಪ್ಪಿಗೆಯನ್ನು ಸೂಚಿಸುವ ಪದಗಳು ಹತ್ತಾರು ಇವೆ. ಅವುಗಳಲ್ಲಿ ಪ್ರತಿಯೊಂದೂ ಕೊಡುವುದು ಬೇರೆ, ಕೊಡದೆ ಉಳಿಸಿಕೊಳ್ಳುವುದು ಬೇರೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿರುವ ನನ್ನ ಸೋದರತ್ತೆಯ ಮಗ ಸಣ್ಣದೊಂದು ಉಪಾಹಾರ ಗೃಹವನ್ನು ತೆರೆಯಲು ಹೊರಟಿದ್ದ. ಕಚೇರಿಯೊಂದರಿಂದ ಬಂದ ಪತ್ರವನ್ನು ದೂರವಾಣಿಯಲ್ಲಿ ಅಕ್ಷರ ಅಕ್ಷರವಾಗಿ ಓದಿ ಹೇಳಿದ. ‘ನೋ ಅಬ್ಜೆಕ್ಷನ್’ ಎಂಬ ಮಾತು ಕಿವಿಗೆ ಬಿದ್ದೊಡನೆ, ಬೇರೊಂದು ಕೆಲಸದ ಅವಸರದಲ್ಲಿದ್ದ ನಾನು, ‘ಪರ್ಮಿಷನ್ ಬಂತು, ಇನ್ನು ಪ್ರಾರಂಭಿಸು’ ಎಂದುಬಿಟ್ಟೆ. ಆತ ಅಡುಗೆಯವರನ್ನು ಗೊತ್ತುಮಾಡಿ, ಮುಹೂರ್ತವಿಟ್ಟು, ಅಂಗಡಿಯನ್ನು ತೆರೆದ. ಮೂರನೆಯ ವಾರದಲ್ಲಿ ತಪಾಸಣೆಗೆ ಬಂದವರು ಪರವಾನಗಿ ಎಲ್ಲಿ ಎಂದು ಕೇಳಿದರು. ಎರಡು ತಿಂಗಳು ಬಾಗಿಲು ಮುಚ್ಚಿಕೊಂಡು ಬಾಡಿಗೆ ಕಟ್ಟಬೇಕಾಯಿತು. ಆತ ನನ್ನನ್ನು ದೂರಲಿಲ್ಲ. ‘ಓದಿದವರು ನೀವೇ ಹೇಳಿದಿರಲ್ಲ ಭಾವ, ಅದಕ್ಕೇ ನಂಬಿದೆ’ ಎಂದಷ್ಟೇ ಹೇಳಿದ. ಅನುವಾದವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನಗೆ ಇದಕ್ಕಿಂತ ಕಠಿಣವಾದ ಮಾತು ಇನ್ನೊಂದಿರಲಾರದು. ಆ ತಪ್ಪಿನಿಂದ ತಿಳಿದುಕೊಂಡದ್ದನ್ನು ಪ್ರಸ್ತುತ ಲೇಖನದಲ್ಲಿ ಕ್ರಮವಾಗಿ ನಿರೂಪಿಸಲು ಪ್ರಯತ್ನಿಸಲಾಗಿದೆ.

ನಮ್ಮ ಭಾಷೆಯಲ್ಲಿರುವ ಪದಗಳು

ಕನ್ನಡದಲ್ಲಿ ‘ಅಪ್ಪಣೆ’ ಎಂಬ ಒಂದೇ ಪದವು ಆಜ್ಞೆ ಮತ್ತು ಅನುಮತಿ ಎಂಬ ಎರಡು ಅರ್ಥಗಳನ್ನೂ ಹೊತ್ತಿದೆ. ದೊರೆಯ ಅಪ್ಪಣೆಯಾಯಿತು ಎಂದರೆ ಅದನ್ನು ಮಾಡಲೇಬೇಕು. ಹೊರಡಲು ಅಪ್ಪಣೆ ಕೊಡಿ ಎಂದರೆ ಕೇಳುವವನ ಇಚ್ಛೆ ಮುಂದಾಗಿ, ಕೊಡುವವನ ಒಪ್ಪಿಗೆ ಹಿಂದೆ ಬರುತ್ತದೆ. ಊರ ದೇವರ ಮುಂದೆ ಕುಳಿತು ಹೂವಿನ ಅಪ್ಪಣೆ ಕೇಳುವಾಗ ಬಲಗಡೆಯ ಹೂವು ಬಿದ್ದರೆ ಅದು ಅನುಮತಿಯೂ ಹೌದು, ಆದೇಶವೂ ಹೌದು. ಮನೆಯ ಮಾತಿನಲ್ಲಿ ಇಂತಹ ಸಂದಿಗ್ಧತೆಯಿಂದ ತೊಂದರೆಯಿಲ್ಲ. ಕಚೇರಿಯ ಕಾಗದದಲ್ಲಿ ಅದು ಸಲ್ಲದು.

ಪರ್ಷಿಯನ್ ಮತ್ತು ಅರಬ್ಬಿ ಮೂಲದಿಂದ ಆಡಳಿತದ ಮೂಲಕ ನಮ್ಮಲ್ಲಿಗೆ ಬಂದ ಪದಗಳೂ ಈ ಸಂದರ್ಭದಲ್ಲಿ ಸ್ಮರಣೀಯವಾಗಿವೆ. ‘ಮಂಜೂರು’ ಎಂದರೆ ಮೂಲತಃ ದೃಷ್ಟಿಗೆ ಬಿದ್ದದ್ದು, ಕೃಪಾದೃಷ್ಟಿಗೆ ಪಾತ್ರವಾದದ್ದು. ‘ಪರವಾನಗಿ’ಯ ಹಿಂದೆ ಬರವಣಿಗೆಯ ಆಜ್ಞೆಯಿದೆ. ‘ರಹದಾರಿ’ಯಲ್ಲಿ ರಹ ಎಂದರೆ ದಾರಿ. ‘ಹುಕುಂ’ ಎಂದರೆ ಆದೇಶ. ಅದಿಲ್ಲದೆ ಸರ್ಕಾರಿ ಜಮೀನನ್ನು ಉಳುವುದೇ ‘ಬಗರ್ ಹುಕುಂ’. ಈ ಒಂದು ಪದವನ್ನು ಹೆಸರಿಗೆ ಅಂಟಿಸಿಕೊಂಡು ಬೇಸಾಯ ಮಾಡಿ, ಸಕ್ರಮದ ಆದೇಶಕ್ಕಾಗಿ ವರ್ಷಾನುಗಟ್ಟಲೆ ಕಾದಿರುವ ರೈತ ಕುಟುಂಬಗಳು ಕರ್ನಾಟಕದಲ್ಲಿ ಅನೇಕ. ಅನುಮತಿಯ ಪದಗಳು ಕೇವಲ ನಿಘಂಟಿನ ವಿಷಯವಲ್ಲ ಎಂಬುದಕ್ಕೆ ಇಷ್ಟು ಸಾಕು.

ಪರ್ಮಿಷನ್ ಮತ್ತು ಅಪ್ರೂವಲ್

‘ಪರ್ಮಿಷನ್’ ಎಂಬುದು ಅನುಮತಿ. ‘ಅಪ್ರೂವಲ್’ ಎಂಬುದು ಅನುಮೋದನೆ. ಇವೆರಡರ ನಡುವಣ ಮುಖ್ಯ ವ್ಯತ್ಯಾಸವು ಕಾಲಕ್ಕೆ ಸಂಬಂಧಿಸಿದ್ದು. ಸಾಮಾನ್ಯವಾಗಿ ಅನುಮೋದನೆ ಬೇಕಾದ ಕಾರ್ಯವು, ಅದನ್ನು ತಿರಸ್ಕರಿಸುವವರೆಗೆ ಊರ್ಜಿತದಲ್ಲಿರುತ್ತದೆ. ಅನುಮತಿ ಬೇಕಾದ ಕಾರ್ಯವಾದರೋ, ಅನುಮತಿ ದೊರೆಯುವವರೆಗೆ ಜಾರಿಗೆ ಬರುವುದಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವು 1990ರ ದಶಕದ ತೀರ್ಪೊಂದರಲ್ಲಿ ಈ ಭೇದವನ್ನು ಇದೇ ರೀತಿಯಲ್ಲಿ ವಿವರಿಸಿದೆ. ‘ಅನುಮೋದನೆ’ ಎಂಬ ಸಂಸ್ಕೃತ ಪದದಲ್ಲಿಯೂ ಇನ್ನೊಬ್ಬರು ಮಾಡಿದ್ದನ್ನು ಅನುಸರಿಸಿ ಮೋದಪಡುವುದು ಎಂಬ ಅರ್ಥವಿರುವುದು ಗಮನಾರ್ಹ.

ಹಾಗಾದರೆ ಅನುಮತಿ ಯಾವಾಗಲೂ ಮೊದಲೇ ಇರಬೇಕೆ? ಈ ಪ್ರಶ್ನೆಯು 1985ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 1973ರ ವಿದೇಶಿ ವಿನಿಮಯ ನಿಯಂತ್ರಣ ಅಧಿನಿಯಮದ ಒಂದು ಪ್ರಕರಣದಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿ ಎಂದಷ್ಟೇ ಹೇಳಲಾಗಿತ್ತು; ಅದೇ ಅಧಿನಿಯಮದ ಬೇರೆ ಪ್ರಕರಣಗಳಲ್ಲಿ ‘ಪೂರ್ವ’ ಎಂಬ ವಿಶೇಷಣವೂ ಇತ್ತು. ಶಾಸನಕಾರರು ಒಂದೆಡೆ ಬಳಸಿದ ವಿಶೇಷಣವನ್ನು ಇನ್ನೊಂದೆಡೆ ಬಿಟ್ಟಿರುವುದರಿಂದ, ಆ ಪ್ರಕರಣದ ಅನುಮತಿಯನ್ನು ಕಾರ್ಯ ನಡೆದ ಅನಂತರವೂ ನೀಡಬಹುದೆಂದು ನ್ಯಾಯಾಲಯ ತೀರ್ಮಾನಿಸಿತು. ಆ ಅಧಿನಿಯಮ ಈಗ ಜಾರಿಯಲ್ಲಿಲ್ಲ. 2000ದ ಜೂನ್‌ನಿಂದ ಅದರ ಸ್ಥಾನದಲ್ಲಿ ಬೇರೊಂದು ಅಧಿನಿಯಮವಿದೆ. ಆದರೆ ಓದುವ ಕ್ರಮದ ಪಾಠ ಉಳಿದಿದೆ. ಪತ್ರದಲ್ಲಿ ‘ಪೂರ್ವಾನುಮತಿ’ ಎಂದಿದ್ದರೆ ಮೊದಲಿನ ಎರಡು ಅಕ್ಷರಗಳನ್ನು ಹಗುರವಾಗಿ ಕಾಣಕೂಡದು. ‘ಘಟನೋತ್ತರ ಅನುಮೋದನೆ’ ಎಂಬುದು ಅಪವಾದವೇ ಹೊರತು, ಮೊದಲು ಮಾಡಿ ಆಮೇಲೆ ಕೇಳಬಹುದೆಂಬ ಸಾಮಾನ್ಯ ನಿಯಮವಲ್ಲ.

ಸ್ಯಾಂಕ್ಷನ್: ಒಂದು ಪದ, ಎರಡು ಮುಖ

ಇಂಗ್ಲಿಷಿನ ‘ಸ್ಯಾಂಕ್ಷನ್’ ಅನುವಾದಕನ ಎಚ್ಚರವನ್ನು ಪರೀಕ್ಷಿಸುವ ಪದ. ಸಾಲ ಸ್ಯಾಂಕ್ಷನ್ ಆಯಿತು ಎಂದರೆ ಮಂಜೂರಾತಿ. ಒಂದು ರಾಷ್ಟ್ರದ ಮೇಲೆ ಸ್ಯಾಂಕ್ಷನ್ ವಿಧಿಸಲಾಯಿತು ಎಂದರೆ ನಿರ್ಬಂಧ. ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ಶಾಸನವನ್ನು ಪವಿತ್ರವೂ ಅನುಲ್ಲಂಘನೀಯವೂ ಆಗಿಸುವುದು ಎಂಬ ಅರ್ಥವಿತ್ತು. ಪವಿತ್ರವಾದುದಕ್ಕೆ ಸಮ್ಮತಿಯ ಬಲವೂ ಇದೆ, ಮುರಿದವರಿಗೆ ದಂಡನೆಯೂ ಇದೆ. ಹೀಗೆ ಒಂದೇ ಬೇರಿನಿಂದ ಎರಡು ಕೊಂಬೆಗಳು ಒಡೆದವು.

ಹಣಕಾಸಿನ ವಿಷಯದಲ್ಲಿ ಮಂಜೂರಾತಿ ಎಂಬುದು ಒಂದು ಸೋಪಾನ ಮಾತ್ರ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಯಾವುದೇ ಕಾಮಗಾರಿಯನ್ನು ಪ್ರಾರಂಭಿಸುವ ಮೊದಲು ಆಡಳಿತಾತ್ಮಕ ಅನುಮೋದನೆ, ವೆಚ್ಚದ ಮಂಜೂರಾತಿ, ವಿವರವಾದ ವಿನ್ಯಾಸದ ಮಂಜೂರಾತಿ, ಅಂದಾಜುಪಟ್ಟಿ, ಆ ವರ್ಷಕ್ಕೆ ಹಣದ ಒದಗಣೆ, ಟೆಂಡರು, ಕಾರ್ಯಾದೇಶ ಇವೆಲ್ಲವೂ ಆಗಿರಬೇಕು. ಅನುಮೋದನೆ ಎಂದರೆ ಕೆಲಸ ಬೇಕು ಎಂಬ ಒಪ್ಪಿಗೆ. ಮಂಜೂರಾತಿ ಎಂದರೆ ಖರ್ಚು ಮಾಡಬಹುದು ಎಂಬ ಒಪ್ಪಿಗೆ. ಹಣದ ಒದಗಣೆ ಎಂದರೆ ಖರ್ಚಿಗೆ ಹಣವಿದೆ ಎಂಬ ಖಾತರಿ. ‘ನಮ್ಮ ರಸ್ತೆ ಮಂಜೂರಾಗಿ ಎರಡು ವರ್ಷವಾಯಿತು, ಇನ್ನೂ ಒಂದು ಬುಟ್ಟಿ ಜಲ್ಲಿ ಬೀಳಲಿಲ್ಲ’ ಎಂದು ಜನರು ಹೇಳುವಾಗ, ಈ ಸೋಪಾನಗಳಲ್ಲಿ ಯಾವುದರ ಬಳಿ ಕಡತ ನಿಂತಿದೆ ಎಂದು ಕೇಳುವುದು ಪ್ರಯೋಜನಕಾರಿ. ಮಂಜೂರಾತಿಗೂ ಆಯುಸ್ಸುಂಟು. ಹೊಸ ವೆಚ್ಚದ ಮಂಜೂರಾತಿಯು, ಹೊರಡಿಸಿದ ದಿನದಿಂದ ಹನ್ನೆರಡು ತಿಂಗಳೊಳಗೆ ಅಲ್ಪ ಪಾವತಿಯೂ ಆಗದಿದ್ದಲ್ಲಿ, ನವೀಕರಿಸದ ಹೊರತು ರದ್ದಾಗುತ್ತದೆಂದು ಅದೇ ನಿಯಮಗಳು ವಿಧಿಸುತ್ತವೆ.

ಸರ್ಕಾರಿ ನೌಕರರ ಮೇಲೆ ಅವರ ಕರ್ತವ್ಯಕ್ಕೆ ಸಂಬಂಧಿಸಿದ ಕೆಲವು ಅಪರಾಧಗಳಿಗಾಗಿ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವ ಮಂಜೂರಾತಿ ಬೇಕೆಂಬ ನಿಯಮದಲ್ಲಿಯೂ ಇದೇ ಪದವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಈ ವಿಷಯದಲ್ಲಿ ಸರ್ಕಾರವು 120 ದಿನಗಳೊಳಗೆ ತೀರ್ಮಾನಿಸತಕ್ಕದ್ದೆಂದೂ, ತಪ್ಪಿದಲ್ಲಿ ಮಂಜೂರಾತಿ ದೊರೆತಿದೆಯೆಂದೇ ಭಾವಿಸತಕ್ಕದ್ದೆಂದೂ ಹೇಳುತ್ತದೆ. ಮೌನವೇ ಸಮ್ಮತಿ ಎಂಬ ನಮ್ಮ ಹಳೆಯ ಮಾತು ಇಲ್ಲಿ ಕಾನೂನಾಗಿದೆ. ಆದರೆ ಕಾನೂನು ಹಾಗೆಂದು ಸ್ಪಷ್ಟವಾಗಿ ಹೇಳಿದ ಕಡೆ ಮಾತ್ರ ಮೌನಕ್ಕೆ ಈ ಬಲ ಬರುತ್ತದೆ ಎಂಬುದನ್ನು ಮರೆಯಬಾರದು.

ಕನ್ಸೆಂಟ್, ಅಸೆಂಟ್ ಮತ್ತು ಕನ್ಕರೆನ್ಸ್

ಅನುಮತಿಯನ್ನು ಮೇಲಿನವರು ಕೆಳಗಿನವರಿಗೆ ಕೊಡುತ್ತಾರೆ. ‘ಕನ್ಸೆಂಟ್’ ಅಥವಾ ಸಮ್ಮತಿಯಲ್ಲಿ ಈ ಏರುಪೇರು ಇಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 13ನೆಯ ಪ್ರಕರಣದ ತಾತ್ಪರ್ಯವೆಂದರೆ, ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿಕೊಂಡಾಗ ಮಾತ್ರ ಅದು ಸಮ್ಮತಿ. ಸಮ್ ಎಂದರೆ ಕೂಡಿ, ಮತಿ ಎಂದರೆ ಮನಸ್ಸು. ಕನ್ನಡದಲ್ಲಿ ನಾವು ಬಳಸುವ ಪದವೇ ಈ ವ್ಯಾಖ್ಯೆಯನ್ನು ಒಳಗೊಂಡಿದೆ. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ ಇವುಗಳಿಂದ ದೊರೆತ ಸಮ್ಮತಿಯು ಸ್ವತಂತ್ರ ಸಮ್ಮತಿಯಲ್ಲ.

ಆಸ್ಪತ್ರೆಯಲ್ಲಿ ಸಹಿ ಮಾಡುವ ಸಮ್ಮತಿ ಪತ್ರದ ವಿಷಯದಲ್ಲಿ ಇದು ಅತ್ಯಂತ ಮಹತ್ವದ್ದು. ರೋಗ ಪತ್ತೆಯ ಪರೀಕ್ಷೆಗೆ ಮಾತ್ರ ಸಮ್ಮತಿ ನೀಡಿದ್ದ ಮಹಿಳೆಯೊಬ್ಬರಿಗೆ, ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು, ದೊಡ್ಡ ಶಸ್ತ್ರಚಿಕಿತ್ಸೆಯನ್ನೇ ಮಾಡಿದ ಪ್ರಸಂಗವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2008ರ ತೀರ್ಪಿನಲ್ಲಿ ನ್ಯಾಯಾಲಯವು ಪರೀಕ್ಷೆಗೆ ನೀಡಿದ ಸಮ್ಮತಿ ಚಿಕಿತ್ಸೆಗೆ ನೀಡಿದ ಸಮ್ಮತಿಯಾಗದೆಂದೂ, ವಯಸ್ಕ ರೋಗಿಯ ಪರವಾಗಿ ಬೇರೆಯವರು ಒಪ್ಪುವುದು, ಜೀವಕ್ಕೆ ಅಪಾಯ ಒದಗಿದ ತುರ್ತು ಪರಿಸ್ಥಿತಿಯ ಹೊರತು, ಸಲ್ಲದೆಂದೂ ತಿಳಿಸಿತು. ತನಗೆ ತಿಳಿಯದ ಭಾಷೆಯ ನಮೂನೆಗೆ ಸಹಿ ಹಾಕುವ ಮೊದಲು ಅದರ ಅರ್ಥವನ್ನು ಕೇಳಿ ತಿಳಿಯುವುದು ರೋಗಿಯ ಹಕ್ಕು. ಅದು ವೈದ್ಯರ ಮೇಲಿನ ಅಪನಂಬಿಕೆಯಲ್ಲ.

‘ಅಸೆಂಟ್’ ಎಂಬುದು ವಿಧೇಯಕಕ್ಕೆ ರಾಷ್ಟ್ರಪತಿಗಳು ಅಥವಾ ರಾಜ್ಯಪಾಲರು ನೀಡುವ ಒಪ್ಪಿಗೆ. ಕನ್ನಡ ಪತ್ರಿಕೆಗಳು ಇದಕ್ಕೆ ‘ಅಂಕಿತ’ ಎಂಬ ಸುಂದರವಾದ ಪದವನ್ನು ರೂಢಿಗೆ ತಂದಿವೆ. ಸಂವಿಧಾನದ 111ನೆಯ ಅನುಚ್ಛೇದದ ಪ್ರಕಾರ ರಾಷ್ಟ್ರಪತಿಗಳು ಅಂಕಿತ ನೀಡಬಹುದು, ತಡೆಹಿಡಿಯಬಹುದು, ಅಥವಾ ಹಣಕಾಸು ವಿಧೇಯಕವಲ್ಲದಿದ್ದರೆ ಪುನರ್ವಿಮರ್ಶೆಗೆ ಹಿಂದಿರುಗಿಸಬಹುದು. ಸಂಸತ್ತು ಅದನ್ನು ಮತ್ತೆ ಅಂಗೀಕರಿಸಿದಲ್ಲಿ ಅಂಕಿತವನ್ನು ತಡೆಹಿಡಿಯುವಂತಿಲ್ಲ. 2006ರಲ್ಲಿ ಲಾಭದಾಯಕ ಹುದ್ದೆಗಳಿಗೆ ಸಂಬಂಧಿಸಿದ ವಿಧೇಯಕವನ್ನು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಹಿಂದಿರುಗಿಸಿದ್ದು, ಸಂಸತ್ತು ಮತ್ತೆ ಅಂಗೀಕರಿಸಿದ ಮೇಲೆ ಅಂಕಿತ ನೀಡಿದ್ದು ಇದಕ್ಕೆ ನಿದರ್ಶನ. 1986ರ ಅಂಚೆ ಕಚೇರಿ ತಿದ್ದುಪಡಿ ವಿಧೇಯಕಕ್ಕೆ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅವರು ಅಂಕಿತವನ್ನೂ ನೀಡಲಿಲ್ಲ, ಹಿಂದಿರುಗಿಸಲೂ ಇಲ್ಲ, ಅದು ಶಾಸನವಾಗಲಿಲ್ಲ. ಅಲ್ಲಿ ಮೌನವು ಸಮ್ಮತಿಯಾಗಲಿಲ್ಲ.

‘ಕನ್ಕರೆನ್ಸ್’ ಎಂದರೆ ಸಹಮತಿ; ‘ಕನ್ಸಲ್ಟೇಷನ್’ ಎಂದರೆ ಸಮಾಲೋಚನೆ. ಈ ಎರಡು ಪದಗಳ ಅಂತರವು ನಮ್ಮ ಸಂವಿಧಾನದ ಇತಿಹಾಸದಲ್ಲಿಯೇ ದೊಡ್ಡ ಚರ್ಚೆಗೆ ಕಾರಣವಾಯಿತು. ನ್ಯಾಯಾಧೀಶರ ನೇಮಕಕ್ಕೆ ಮುಖ್ಯ ನ್ಯಾಯಮೂರ್ತಿಗಳ ಸಹಮತಿ ಬೇಕೆಂಬ ತಿದ್ದುಪಡಿಯನ್ನು 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಒಪ್ಪಲಿಲ್ಲ. ಸಮಾಲೋಚನೆ ಎಂಬ ಪದವೇ ಉಳಿಯಿತು. ಸಮಾಲೋಚನೆಯು ಸಹಮತಿಯಲ್ಲವೆಂದು 1981ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಆದರೆ 1993ರಲ್ಲಿ ಅದೇ ನ್ಯಾಯಾಲಯದ ಇನ್ನೂ ದೊಡ್ಡ ಪೀಠವು ನ್ಯಾಯಾಂಗದ ಸ್ವಾತಂತ್ರ್ಯದ ದೃಷ್ಟಿಯಿಂದ ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯಕ್ಕೆ ಪ್ರಾಧಾನ್ಯವುಂಟೆಂದು ತೀರ್ಮಾನಿಸಿತು. ಸಂವಿಧಾನದಲ್ಲಿನ ಪದ ಬದಲಾಗಲಿಲ್ಲ. ಪದದ ಭಾರ ಬದಲಾಯಿತು.

ಲೈಸೆನ್ಸ್, ಪರ್ಮಿಟ್ ಮತ್ತು ಲೀವ್

ಆಟೋರಿಕ್ಷಾ ಓಡಿಸುವವರ ಬಳಿ ಎರಡು ಕಾಗದಗಳಿರುತ್ತವೆ. ಚಾಲನೆಯ ಲೈಸೆನ್ಸು ವ್ಯಕ್ತಿಯ ಅರ್ಹತೆಗೆ ಸಂಬಂಧಿಸಿದ್ದು. ಪರ್ಮಿಟ್ಟು ಆ ವಾಹನವನ್ನು ಬಾಡಿಗೆಗೆ ಓಡಿಸುವುದಕ್ಕೆ ಸಂಬಂಧಿಸಿದ್ದು. 1988ರ ಮೋಟಾರು ವಾಹನ ಅಧಿನಿಯಮವು ಎರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇರಿಸಿದೆ. ಪರ್ಮಿಟ್ ಎಂಬ ಪದದ ಲ್ಯಾಟಿನ್ ಮೂಲದಲ್ಲಿ ಹಾದುಹೋಗಲು ಬಿಡುವುದು ಎಂಬ ಅರ್ಥವಿದೆ. ಇದಕ್ಕೆ ಕನ್ನಡದ ‘ರಹದಾರಿ’ಯಷ್ಟು ಒಪ್ಪುವ ಪದ ಇನ್ನೊಂದಿಲ್ಲ.

ಮುಂಬಯಿ ಮತ್ತು ಪುಣೆಗಳಲ್ಲಿ ಮನೆ ಹಿಡಿಯುವ ಕನ್ನಡಿಗರಿಗೆ ‘ಲೀವ್ ಅಂಡ್ ಲೈಸೆನ್ಸ್’ ಎಂಬ ಒಪ್ಪಂದ ಚಿರಪರಿಚಿತ. 1882ರ ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮದ ಪ್ರಕಾರ ಲೈಸೆನ್ಸು ಎಂದರೆ, ಅದಿಲ್ಲದಿದ್ದರೆ ಕಾನೂನುಬಾಹಿರವಾಗುತ್ತಿದ್ದ ಕಾರ್ಯವೊಂದನ್ನು ಇನ್ನೊಬ್ಬರ ಸ್ಥಿರಾಸ್ತಿಯಲ್ಲಿ ಮಾಡಲು ಕೊಟ್ಟ ಹಕ್ಕು. ಆಸ್ತಿಯಲ್ಲಿ ಯಾವ ಹಿತಾಸಕ್ತಿಯೂ ಅದರಿಂದ ಹುಟ್ಟುವುದಿಲ್ಲ. ಗೇಣಿ ಅಥವಾ ಲೀಸ್ ಆದರೋ ಅಂತಹ ಹಿತಾಸಕ್ತಿಯನ್ನು ವರ್ಗಾಯಿಸುತ್ತದೆ. ಈ ಭೇದದಿಂದ ಎಷ್ಟು ಪರಿಣಾಮವಾಗಬಹುದೆಂದರೆ, ಹಳೆಯ ಮುಂಬಯಿ ಬಾಡಿಗೆ ಕಾನೂನಿಗೆ ಆದ ತಿದ್ದುಪಡಿಯಿಂದ 1973ರ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ವಾಸವಿದ್ದವರು ಬಾಡಿಗೆದಾರರೆಂದೇ ಪರಿಗಣಿತರಾಗಿ ರಕ್ಷಣೆ ಪಡೆದರು. ಆ ದಿನಾಂಕದ ಆಚೆಗೆ ಬಂದವರಿಗೆ ಆ ಭಾಗ್ಯ ಇರಲಿಲ್ಲ. ಕಾಗದಕ್ಕಿಟ್ಟ ಹೆಸರೊಂದೇ ನಿರ್ಣಾಯಕವಲ್ಲ, ಅದರ ಒಳಗಿನ ಹುರುಳೇ ಮುಖ್ಯ ಎಂಬುದನ್ನೂ ಸರ್ವೋಚ್ಚ ನ್ಯಾಯಾಲಯವು 1959ರಷ್ಟು ಹಿಂದೆಯೇ, ದೆಹಲಿಯ ಹೋಟೆಲೊಂದರ ಕೊಠಡಿಗಳಿಗೆ ಸಂಬಂಧಿಸಿದ ವ್ಯಾಜ್ಯದಲ್ಲಿ ಸ್ಪಷ್ಟಪಡಿಸಿದೆ.

‘ಲೀವ್’ ಎಂಬ ಪದವು ಹೊಸ ಅನುವಾದಕರನ್ನು ಮುಗ್ಗರಿಸುವಂತೆ ಮಾಡುತ್ತದೆ. ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸುವ ‘ಸ್ಪೆಷಲ್ ಲೀವ್ ಪಿಟಿಷನ್’ ಎಂಬುದನ್ನು ನಾನು ಸೇವೆಗೆ ಸೇರಿದ ಹೊಸತರಲ್ಲಿ ‘ವಿಶೇಷ ರಜೆಯ ಅರ್ಜಿ’ ಎಂದು ಬರೆದು ಹಿರಿಯರ ನಗೆಗೆ ಗುರಿಯಾದೆ. ಅದು ಮೇಲ್ಮನವಿ ಸಲ್ಲಿಸಲು ಕೋರುವ ವಿಶೇಷ ಅನುಮತಿ. ತರುವಾಯ ನಿಘಂಟುಗಳನ್ನು ನೋಡಿದಾಗ, ನಮ್ಮ ‘ರಜಾ’ ಎಂಬ ಪದವೂ ಅರಬ್ಬಿಯಲ್ಲಿ ಒಪ್ಪಿಗೆಯನ್ನೇ ಸೂಚಿಸುತ್ತಿತ್ತೆಂದು ತಿಳಿದು ಅಷ್ಟಿಷ್ಟು ಸಮಾಧಾನವಾಯಿತು. ರಜೆ ಎಂದರೆ ಕೆಲಸಕ್ಕೆ ಬಾರದಿರುವುದಲ್ಲ, ಬಾರದಿರಲು ಪಡೆದ ಅನುಮತಿ. ಕಚೇರಿಯಲ್ಲಿ ರಜೆಗೂ ಗೈರುಹಾಜರಿಗೂ ಇರುವ ವ್ಯತ್ಯಾಸವೇ ಇದು.

ಪವರ್ ಮತ್ತು ಅಥಾರಿಟಿ

ಇಂಗ್ಲಿಷಿನಲ್ಲಿ ‘ಪವರ್’ ಎಂಬುದು ಮಾಡುವ ಸಾಮರ್ಥ್ಯವನ್ನೂ, ‘ಅಥಾರಿಟಿ’ ಎಂಬುದು ಆ ಸಾಮರ್ಥ್ಯಕ್ಕಿರುವ ನ್ಯಾಯಸಮ್ಮತ ಆಧಾರವನ್ನೂ ಸೂಚಿಸುವುದು ಸಾಮಾನ್ಯ. ಗ್ರಂಥಕರ್ತ ಎಂಬರ್ಥದ ‘ಆಥರ್’ ಎಂಬ ಪದಕ್ಕೂ ಅಥಾರಿಟಿಗೂ ಮೂಲ ಒಂದೇ. ಕನ್ನಡದಲ್ಲಿ ‘ಅಧಿಕಾರ’ ಎಂಬುದು ಎರಡಕ್ಕೂ ಸಲ್ಲುತ್ತಿರುವುದರಿಂದ, ಅಧಿಕಾರವುಳ್ಳ ಸಂಸ್ಥೆ ಅಥವಾ ಅಧಿಕಾರಿಯನ್ನು ‘ಪ್ರಾಧಿಕಾರ’ ಎನ್ನುವುದು ರೂಢಿಯಾಗಿದೆ. ‘ಸಕ್ಷಮ ಪ್ರಾಧಿಕಾರ’ ಎಂದರೆ ಆ ನಿರ್ದಿಷ್ಟ ವಿಷಯದಲ್ಲಿ ತೀರ್ಮಾನಿಸಲು ಕಾನೂನು ಗೊತ್ತುಪಡಿಸಿದವರು; ಹುದ್ದೆಯಲ್ಲಿ ಅವರಿಗಿಂತ ಹಿರಿಯರು ಬೇರೆಯವರಿರಬಹುದು.

ಊರಿನಲ್ಲಿ ಜಮೀನು, ಪರಊರಿನಲ್ಲಿ ವಾಸ ಎಂಬ ಸ್ಥಿತಿಯಲ್ಲಿರುವ ಕುಟುಂಬಗಳು ಬಂಧುಗಳಿಗೆ ‘ಪವರ್ ಆಫ್ ಅಟಾರ್ನಿ’ ಅಥವಾ ಅಧಿಕಾರ ಪತ್ರವನ್ನು ಬರೆದುಕೊಡುವುದುಂಟು. ಇದು ನಮ್ಮ ಪರವಾಗಿ ಕೆಲಸ ಮಾಡುವ ಅಧಿಕಾರವೇ ಹೊರತು ಸ್ವತ್ತಿನ ವರ್ಗಾವಣೆಯಲ್ಲ. ಏಜೆಂಟನಿಗೆ ಆ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇಲ್ಲದ ಪಕ್ಷದಲ್ಲಿ, ಅಧಿಕಾರ ಕೊಟ್ಟವರು ನಿಧನರಾದಾಗ ಸಾಮಾನ್ಯವಾಗಿ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ದೆಹಲಿ ಮತ್ತು ಸುತ್ತಣ ಪ್ರದೇಶಗಳಲ್ಲಿ ನೋಂದಾಯಿತ ಕ್ರಯಪತ್ರವಿಲ್ಲದೆ ಅಧಿಕಾರ ಪತ್ರದ ಮೂಲಕವೇ ಮನೆಗಳನ್ನು ಮಾರುವ ಪದ್ಧತಿ ಬೆಳೆದಿದ್ದಾಗ, ಇಂತಹ ಪತ್ರಗಳಿಂದ ಒಡೆತನ ವರ್ಗವಾಗದೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಜೀವಮಾನದ ಉಳಿತಾಯವನ್ನು ಹಾಕಿ ಕೊಂಡದ್ದು ಮನೆಯೋ ಅಥವಾ ಮನೆಯ ಬಗ್ಗೆ ಒಂದು ಅಧಿಕಾರವೋ ಎಂಬುದು ಒಂದು ಪದದ ಪ್ರಶ್ನೆಯಾಗಿತ್ತು.

ಆಕ್ಷೇಪಣೆ ಇಲ್ಲ ಎಂದರೆ ಏನು?

ಈಗ ಮೊದಲಿನ ಪ್ರಸಂಗಕ್ಕೆ ಹಿಂದಿರುಗಬಹುದು. ‘ನೋ ಅಬ್ಜೆಕ್ಷನ್’ ಪತ್ರ ಅಥವಾ ನಿರಾಕ್ಷೇಪಣಾ ಪತ್ರವು ಒಪ್ಪಿಗೆಯ ಪದಗಳಲ್ಲಿ ಅತ್ಯಂತ ಮಿತವಾದದ್ದು. ‘ನಮ್ಮ ಇಲಾಖೆಗೆ ಸಂಬಂಧಪಟ್ಟ ಮಟ್ಟಿಗೆ ಅಡ್ಡಿಯಿಲ್ಲ’ ಎಂಬುದಷ್ಟೇ ಸಾಮಾನ್ಯವಾಗಿ ಅದರ ತಾತ್ಪರ್ಯ. ಬೇರೆಯವರು ಕೊಡಬೇಕಾದ ಅನುಮತಿಯನ್ನು ಅದು ಕೊಡಲಾರದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮವು ಲೈಸೆನ್ಸಿಲ್ಲದೆ ಆಹಾರದ ಉದ್ದಿಮೆಯನ್ನು ಪ್ರಾರಂಭಿಸಕೂಡದೆಂದು ವಿಧಿಸಿ, ಕಿರು ವ್ಯಾಪಾರಿಗಳಿಗೆ ಮಾತ್ರ ಅದರ ಬದಲು ನೋಂದಣಿಯ ಅವಕಾಶ ನೀಡಿದೆ. ಅಡ್ಡಿಯಿಲ್ಲ ಎಂದವರನ್ನು ನಾನು ಬಾಗಿಲು ತೆರೆದವರೆಂದು ತಿಳಿದದ್ದೇ ತಪ್ಪಾಯಿತು.

ಓದುಗರಿಗೆ ಕೆಲವು ಸೂಚನೆಗಳು

ಒಪ್ಪಿಗೆಯ ಪತ್ರವೊಂದು ಕೈಗೆ ಬಂದಾಗ ಐದು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಹಿತಕರ. ಮೊದಲನೆಯದಾಗಿ, ಇದನ್ನು ಕೊಟ್ಟವರು ಈ ವಿಷಯದಲ್ಲಿ ಸಕ್ಷಮ ಪ್ರಾಧಿಕಾರವೇ? ಎರಡನೆಯದಾಗಿ, ಯಾವ ಕಾರ್ಯಕ್ಕೆ, ಎಷ್ಟರ ಮಟ್ಟಿಗೆ ಕೊಟ್ಟಿದ್ದಾರೆ? ಮೂರನೆಯದಾಗಿ, ಇದರ ನಂತರ ಇನ್ನಾವ ಹಂತ ಬಾಕಿಯಿದೆ? ನಾಲ್ಕನೆಯದಾಗಿ, ಇದರ ಅವಧಿ ಎಷ್ಟು? ಐದನೆಯದಾಗಿ, ಕೊಟ್ಟವರು ಇದನ್ನು ಹಿಂತೆಗೆದುಕೊಳ್ಳಬಹುದೆ? ಉತ್ತರವು ಪತ್ರದಲ್ಲಿ ದೊರೆಯದಿದ್ದರೆ ಬರವಣಿಗೆಯಲ್ಲಿ ಕೇಳುವುದು ಲೇಸು.

ಕೇಳಲು ಇಂಗ್ಲಿಷ್ ಬಾರದೆಂದು ಸಂಕೋಚಪಡಬೇಕಾಗಿಲ್ಲ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿ ಇಲ್ಲವೆ ಪ್ರಾಧಿಕಾರಕ್ಕೆ, ಸಂದರ್ಭಾನುಸಾರ ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಪ್ರತಿಯೊಬ್ಬರಿಗೂ ನೀಡಿದೆ. ಅಲ್ಲದೆ 1973ರ ಅಧಿಕೃತ ಪಾಠಗಳ ಅಧಿನಿಯಮದ ಪ್ರಕಾರ, ರಾಷ್ಟ್ರಪತಿಗಳ ಪ್ರಾಧಿಕಾರದ ಮೇರೆಗೆ ರಾಜಪತ್ರದಲ್ಲಿ ಪ್ರಕಟವಾದ ಕೇಂದ್ರ ಶಾಸನವೊಂದರ ಕನ್ನಡ ಅನುವಾದವು ಆ ಶಾಸನದ ಅಧಿಕೃತ ಕನ್ನಡ ಪಾಠವೆಂದೇ ಭಾವಿಸಲ್ಪಡುತ್ತದೆ. ಅಂತಹ ಪಾಠದಲ್ಲಿ ಅನುಮತಿಯ ಎಡೆಯಲ್ಲಿ ಅನುಮೋದನೆ ಎಂದು ಬಿದ್ದರೆ ಅದು ಬೆರಳಚ್ಚಿನ ದೋಷವಾಗಿ ಉಳಿಯದು. ಯಾರದೋ ಬದುಕಿನ ಮೇಲೆ ಪರಿಣಾಮ ಬೀರುವುದು.

ಪುಣೆಯ ಉಪಾಹಾರ ಗೃಹ ಈಗ ನಡೆಯುತ್ತಿದೆ. ಪರವಾನಗಿಯ ಪ್ರತಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲಿದೆ. ಪತ್ರ ಬಂದಾಗ ಆತ ಈಗಲೂ ದೂರವಾಣಿ ಮಾಡುತ್ತಾನೆ. ನಾನು ಇಡೀ ಪತ್ರವನ್ನು ಓದಿಸಿ, ಕೊನೆಯ ಸಾಲಿನವರೆಗೂ ಕೇಳಿದ ಮೇಲೆಯೇ ಉತ್ತರ ಹೇಳುತ್ತೇನೆ.